ಯಾವ ಸರ್ಕಾರದ ಕೈಕೆಳಗೆ ಬದುಕಬೇಕು? ಕಲಬುರಗಿ ಕಡೆಯಿಂದ ಹೊರದೇಶಕ್ಕೆ ಹೊರಟವರಿಗೆ ಒಂದು ಹೋಲಿಕೆ

ಕಲಬುರಗಿ, ಬೀದರ, ಯಾದಗಿರಿ ಕಡೆಯ ಮನೆಗಳಲ್ಲಿ ಮಗ ಹೊರದೇಶಕ್ಕೆ ಹೊರಟನೆಂದರೆ ಲೆಕ್ಕವೆಲ್ಲ ಪಗಾರದ ಸುತ್ತಲೇ ತಿರುಗುತ್ತದೆ. ರಿಯಾಲಿಗೆ ಎಷ್ಟು ರೂಪಾಯಿ, ದಿರ್ಹಮಿಗೆ ಎಷ್ಟು, ರೂಮಿನ ಬಾಡಿಗೆ, ಊಟ ಕಳೆದು ತಿಂಗಳಿಗೆ ಊರಿಗೆ ಎಷ್ಟು ಬಂದೀತು. ಅಲ್ಲಿಯ ಸರ್ಕಾರ ಎಂಥದ್ದು ಎಂಬ ಮಾತು ಎದ್ದರೂ ಒಂದೊಂದು ಸಾಲಿನಲ್ಲಿ ಮುಗಿದುಹೋಗುತ್ತದೆ. “ಅದು ಕಮ್ಯುನಿಸ್ಟರ ದೇಶ, ಬ್ಯಾಡೋ ತಮ್ಮಾ.” “ಅಮೆರಿಕಾದಾಗ ಡೆಮಾಕ್ರಸಿ ಅದ, ಯಾರಿಗೂ ಅಂಜಬೇಕಿಲ್ಲ.” “ಸ್ವೀಡನ್ದಾಗ ಸಮಾಜವಾದ ಅದಂತ, ದವಾಖಾನಿ, ಸಾಲಿ ಎಲ್ಲಾ ಫುಕಟ್.” ಮೂರರಲ್ಲೂ ಒಂದಿಷ್ಟು ನಿಜ ಇದೆ. ಆದರೆ ಅಷ್ಟನ್ನೇ ನಂಬಿ ಟಿಕೆಟ್ ತೆಗೆಸಿದರೆ ಮೋಸ ಹೋಗುತ್ತೀರಿ.

ಹಣೆಪಟ್ಟಿ ಬದಿಗಿಟ್ಟು ಪ್ರತಿ ದೇಶಕ್ಕೂ ಮೂರು ಪ್ರಶ್ನೆ ಹಾಕೋಣ. ಕೆಲಸ ಹೋದರೆ, ಜಡ್ಡು ಬಿದ್ದರೆ, ಮುಪ್ಪು ಬಂದರೆ ಖರ್ಚು ಯಾರ ಮೇಲೆ? ಮೇಲೆ ಕೂತವರನ್ನು ಇಳಿಸಲು, ಕೋರ್ಟಿಗೆ ಎಳೆಯಲು ದಾರಿ ಇದೆಯೇ? ಫೇಸ್‌ಬುಕ್ಕಿನಲ್ಲಿ ಸರ್ಕಾರದ ವಿರುದ್ಧ ಎರಡು ಸಾಲು ಬರೆದರೆ ಮರುದಿನ ಏನಾಗುತ್ತದೆ? ಮೊದಲನೆಯದು ಸಮಾಜವಾದದ ಪ್ರಶ್ನೆ, ಎರಡನೆಯದು ಪ್ರಜಾಪ್ರಭುತ್ವದ್ದು, ಮೂರನೆಯದು ಅಂಜಿಕೆಯದು. ಈ ಮೂರಕ್ಕೂ ಅಲ್ಲಿಯ ನಾಗರಿಕನಿಗೆ ಸಿಗುವ ಉತ್ತರವೇ ಬೇರೆ, ವೀಸಾದ ಮೇಲೆ ಹೋದ ನಿಮಗೆ ಸಿಗುವ ಉತ್ತರವೇ ಬೇರೆ. ಊರಿನಲ್ಲಿ ಕೂತು ಮಾತಾಡುವಾಗ ಎಲ್ಲರೂ ಮರೆಯುವುದು ಇದನ್ನೇ.

ನನ್ನ ವಾದ ಮೊದಲೇ ಹೇಳಿಬಿಡುತ್ತೇನೆ. ಸರ್ಕಾರ ದೊಡ್ಡದಾದಷ್ಟೂ ಅಂಜಿಕೆ ಹೆಚ್ಚುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತೆರಿಗೆ ಅರ್ಧ ಕಿತ್ತುಕೊಂಡರೂ ಜನ ಅಂಜದ ಸರ್ಕಾರಗಳಿವೆ, ಪಗಾರದ ಮೇಲೆ ಒಂದು ಪೈಸೆ ತೆರಿಗೆ ಕೇಳದೆ ನಡುಕ ಹುಟ್ಟಿಸುವ ಸರ್ಕಾರಗಳೂ ಇವೆ. ಒಬ್ಬ ಅಧಿಕಾರಿಯೋ ಮಾಲೀಕನೋ ಅನ್ಯಾಯ ಮಾಡಿದಾಗ ತಟ್ಟಲು ಇನ್ನೊಂದು ಬಾಗಿಲು ಇದೆಯೋ ಇಲ್ಲವೋ, ಅಂಜಿಕೆ ಇರುವುದು ಅದರ ಮೇಲೆ.

ಮೊದಲು ನಮ್ಮ ಕಡೆಯದೇ ಅಳತೆ

ಈ ಭಾಗದವರಿಗೆ ಸರ್ಕಾರದ ಅಂಜಿಕೆ ಏನೆಂದು ಪುಸ್ತಕ ಓದಿ ತಿಳಿಯಬೇಕಿಲ್ಲ. 1948ರಲ್ಲಿ ನಿಜಾಮನ ಆಳ್ವಿಕೆಯ ಕೊನೆಯ ತಿಂಗಳುಗಳಲ್ಲಿ ಅವನ ಪರ ನಿಂತ ಖಾಸಗಿ ಪಡೆಯವರಾದ ರಜಾಕಾರರು ಹಳ್ಳಿಗಳ ಮೇಲೆ ಬಿದ್ದರು. ಬೀದರ ಜಿಲ್ಲೆಯ ಗೋರಟಾದಲ್ಲಿ ಆ ವರ್ಷದ ಮೇ ತಿಂಗಳು ನಡೆದ ಹತ್ಯಾಕಾಂಡವನ್ನು ಇಂದಿಗೂ ಹಿರಿಯರು ನೆನೆಯುತ್ತಾರೆ. ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಸೈನ್ಯದ ‘ಪೊಲೀಸ್ ಕಾರ್ಯಾಚರಣೆ’ ನಡೆಯಿತು, ನಿಜಾಮ ಶರಣಾದ. ಆಮೇಲೆ ನಡೆದದ್ದನ್ನು ನಾವು ಕಡಿಮೆ ಮಾತಾಡುತ್ತೇವೆ. ನೆಹರೂ ಸರ್ಕಾರವೇ ಕಳುಹಿಸಿದ ಸುಂದರಲಾಲ್ ಸಮಿತಿ ಆ ದಿನಗಳಲ್ಲಿ ಮತ್ತು ನಂತರ ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡಗಳನ್ನು ಹೆಸರಿಸಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಹೀಗೆ ಒಂದೇ ವರ್ಷದಲ್ಲಿ, ಒಂದೇ ತಾಲ್ಲೂಕಿನಲ್ಲಿ, ಒಂದು ಓಣಿಯವರು ಹೋಗುತ್ತಿದ್ದ ಸರ್ಕಾರಕ್ಕೆ ಅಂಜಿದರು, ಇನ್ನೊಂದು ಓಣಿಯವರು ಬರುತ್ತಿದ್ದ ಸರ್ಕಾರಕ್ಕೆ ಅಂಜಿದರು. ಯಾರಾದರೂ ಒಂದು ದೇಶದ ಬಗ್ಗೆ “ಅಲ್ಲಿ ಅಂಜಿಕೆ ಇಲ್ಲ” ಎಂದಾಗ, ಯಾವ ಓಣಿಯವರಿಗೆ ಎಂದು ತಿರುಗಿ ಕೇಳುವ ರೂಢಿ ನನಗೆ ಈ ಇತಿಹಾಸದಿಂದಲೇ ಬಂದದ್ದು.

ಎರಡನೆಯ ಪಾಠ ತುರ್ತು ಪರಿಸ್ಥಿತಿಯದು. 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗೆ ದೇಶ ಅದರ ಕೆಳಗಿತ್ತು. ಸಂವಿಧಾನದ ಪೀಠಿಕೆಗೆ ‘ಸಮಾಜವಾದಿ’ ಎಂಬ ಪದ ಸೇರಿದ್ದೂ ಆಗಲೇ, 42ನೇ ತಿದ್ದುಪಡಿಯಲ್ಲಿ. ಪದ ಸೇರಿಸುತ್ತಿದ್ದ ಹೊತ್ತಿನಲ್ಲೇ ವಿರೋಧ ಪಕ್ಷದವರು ಜೈಲಿನಲ್ಲಿದ್ದರು, ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಜನರಿಗೆ ಸಂತಾನಹರಣ ಚಿಕಿತ್ಸೆ ಆಯಿತು, ಎಷ್ಟೋ ಜನರಿಗೆ ಒತ್ತಾಯದಿಂದ. ಬಂಧಿತನಿಗೆ ಕೋರ್ಟಿನ ಬಾಗಿಲೂ ಮುಚ್ಚಬಹುದೆಂದು 1976ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಅದೇ ಹೊತ್ತಿಗೆ ಕರ್ನಾಟಕದಲ್ಲಿ ದೇವರಾಜ ಅರಸು ಅವರ ಭೂಸುಧಾರಣೆಯಿಂದ ಗೇಣಿದಾರರಿಗೆ ಹೊಲ ಸಿಗುತ್ತಿತ್ತು. 1977ರಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಮನೆಗೆ ಕಳಿಸಿದಾಗ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಬಂದವು. ಹೊಲ ಸಿಕ್ಕವನಿಗೂ ನಸಬಂದಿಗೆ ಎಳೆದೊಯ್ದವನಿಗೂ ಕಂಡದ್ದು ಒಂದೇ ಸರ್ಕಾರ, ಆದರೆ ಅನುಭವ ಒಂದೇ ಆಗಿರಲಿಲ್ಲ.

ಈಗಿನ ನಮ್ಮ ಅಂಜಿಕೆ ದಿನನಿತ್ಯದ್ದು, ಸಣ್ಣದು. ತಹಸೀಲ್ ಕಚೇರಿಯ ಕಿಟಕಿ, ಪಹಣಿಯಲ್ಲಿ ತಪ್ಪಾದ ಹೆಸರು, ಠಾಣೆಯ ಮೆಟ್ಟಿಲು. ಅದಕ್ಕೆ 2005ರ ಮಾಹಿತಿ ಹಕ್ಕು, 2011ರ ಸಕಾಲ ಕಾಯ್ದೆ ಎಂಬ ಬಾಗಿಲುಗಳಿವೆ. ತಟ್ಟಿದರೆ ಕೆಲವು ಸಲ ತೆರೆಯುತ್ತವೆ. ಸರ್ಕಾರ ಹೆಚ್ಚಾಯಿತು ಎಂದು ದೂರುವವರು ಇಲ್ಲಿ ನನಗೆ ಸಿಕ್ಕಿಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದದ್ದೇ ಸರ್ಕಾರ ನಮ್ಮ ಕಡೆ ಸಾಲದಷ್ಟೇ ಬಂದಿದೆ ಎಂಬ ಕೂಗಿನಿಂದ.

ಕೊಲ್ಲಿ ದೇಶಗಳು: ಪಗಾರಕ್ಕೆ ತೆರಿಗೆ ಇಲ್ಲ, ಓಟೂ ಇಲ್ಲ

ನಮ್ಮ ಕಡೆಯಿಂದ ಸೌದಿ, ದುಬೈ, ಕುವೈತ್, ಕತಾರಿಗೆ ಹೋಗುವವರು ಬಹಳ ಇರುವುದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ನಾಗರಿಕನ ಕಣ್ಣಿನಿಂದ ನೋಡಿದರೆ ಈ ದೇಶಗಳು ನಿಮ್ಮ ಊಹೆಗಿಂತ ಸಮಾಜವಾದಿ. ದವಾಖಾನೆ, ಶಾಲೆ, ಮನೆಗೆ ನೆರವು, ಸರ್ಕಾರಿ ನೌಕರಿ, ಎಲ್ಲದರ ಹಿಂದೆ ಎಣ್ಣೆಯ ರೊಕ್ಕ. ಆದಾಯ ತೆರಿಗೆ ಇಲ್ಲ. ಬದಲಿಗೆ ರಾಜಕೀಯದ ಮಾತು ಬೇಡ ಎಂಬುದು ಒಳ ಒಪ್ಪಂದ. ಸೌದಿಯಲ್ಲಿ ರಾಜಕೀಯ ಪಕ್ಷಗಳೇ ಇಲ್ಲ, ಸಲಹಾ ಸಭೆಯ ಸದಸ್ಯರನ್ನು ದೊರೆಯೇ ನೇಮಿಸುತ್ತಾನೆ. ಇವರ ಪೈಕಿ ಕುವೈತಿನಲ್ಲಿ ಜೋರಾಗಿ ಮಾತಾಡುವ ಸಂಸತ್ತು ಇತ್ತು. 2024ರ ಮೇ ತಿಂಗಳಲ್ಲಿ ಅಲ್ಲಿಯ ದೊರೆಯಾದ ಅಮೀರ ಅದನ್ನೂ ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷದವರೆಗೆ ಅಮಾನತಿನಲ್ಲಿಟ್ಟರು.

ನಿಮ್ಮ ಕಣ್ಣಿನಿಂದ ನೋಡಿದರೆ ಚಿತ್ರವೇ ಬೇರೆ. ದುಬೈ ಇರುವ ಯುಎಇಯಲ್ಲಿ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಹೊರಗಿನವರು. ಈ ದೇಶಗಳಲ್ಲಿ ನೀವು ಅಂಜುವುದು ದೊರೆಗಲ್ಲ, ಕಫೀಲನಿಗೆ, ಅಂದರೆ ನಿಮ್ಮ ವೀಸಾಕ್ಕೆ ಹೊಣೆ ನಿಂತ ಮಾಲೀಕನಿಗೆ. ಸೌದಿಯಲ್ಲಿ ಇಖಾಮಾ, ಅಂದರೆ ಅಲ್ಲಿ ಇರಲು ಬೇಕಾದ ಪರವಾನಗಿ, ಅವನ ಹೆಸರಿನ ಮೇಲೆ ನಿಂತಿರುತ್ತದೆ. ಅವನು ‘ಹುರೂಬ್’ ಬರೆಸಿದನೆಂದರೆ, ಅಂದರೆ ಕೆಲಸದವ ಓಡಿಹೋಗಿದ್ದಾನೆಂದು ದೂರು ಕೊಟ್ಟನೆಂದರೆ, ಒಂದು ದಿನವೂ ರಜೆ ಹಾಕದ ಮನುಷ್ಯನೂ ಅಪರಾಧಿಯ ಸ್ಥಾನದಲ್ಲಿ ನಿಲ್ಲಬೇಕಾಗಬಹುದು. ಸರ್ಕಾರ ತನ್ನ ಅಧಿಕಾರದ ಒಂದು ತುಂಡನ್ನು ಖಾಸಗಿ ಮಾಲೀಕನ ಕೈಗೆ ಕೊಟ್ಟಾಗ ಹುಟ್ಟುವ ಅಂಜಿಕೆ ಇದು. ನಿಜಾಮನ ಕಾಲದ ಜಾಗೀರುಗಳ ಕತೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸುಧಾರಣೆ ಆಗಿಲ್ಲವೆಂದಲ್ಲ. ಯುಎಇ 2009ರಿಂದಲೇ ಪಗಾರ ಬ್ಯಾಂಕಿನ ಮೂಲಕವೇ ಹೋಗಬೇಕೆಂಬ ವ್ಯವಸ್ಥೆ ತಂದಿದೆ. 2023ರಿಂದ ಕೆಲಸ ಹೋದವರಿಗೆ ಮೂರು ತಿಂಗಳವರೆಗೆ ಮೂಲ ವೇತನದ ಶೇ. 60ರಷ್ಟು ಕೊಡುವ ವಿಮೆಯನ್ನು ಕಡ್ಡಾಯ ಮಾಡಿದೆ, ಅದು ಹೊರಗಿನವರಿಗೂ ಉಂಟು. ಕತಾರ್ 2020ರಲ್ಲಿ ಕೆಲಸ ಬದಲಿಸಲು ಮಾಲೀಕನ ಒಪ್ಪಿಗೆ ಬೇಕೆಂಬ ನಿಯಮ ತೆಗೆದುಹಾಕಿತು, 2021ರಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನ ನಿಗದಿ ಮಾಡಿತು. ಸೌದಿ 2021ರ ಮಾರ್ಚ್‌ನಲ್ಲಿ ಕೆಲವು ಷರತ್ತುಗಳ ಮೇಲೆ ಕೆಲಸ ಬದಲಿಸಲು, ಊರಿಗೆ ಹೋಗಿಬರಲು ದಾರಿ ಬಿಟ್ಟಿತು. ಆದರೆ ಆಗ ಮನೆಗೆಲಸದವರು, ಮನೆಯ ಡ್ರೈವರುಗಳು, ತೋಟದ ಮಾಲಿಗಳನ್ನು ಅದರಿಂದ ಹೊರಗಿಟ್ಟಿತು. ನಮ್ಮ ಹುಡುಗರು ಎಷ್ಟೋ ಜನ ಹೋಗುವುದು ಇದೇ ಹೌಸ್ ಡ್ರೈವರ್ ವೀಸಾದ ಮೇಲೆ. ಆದ್ದರಿಂದ ಸೌದಿ ಒಳ್ಳೆಯದೋ ದುಬೈ ಒಳ್ಳೆಯದೋ ಎಂದು ಕೇಳುವ ಮುಂಚೆ, ವೀಸಾದಲ್ಲಿ ಯಾವ ಕೆಲಸ ಬರೆದಿದೆ, ಕಂಪನಿಯದೋ ಮನೆಯದೋ ಎಂದು ನೋಡಿ. ನನ್ನ ಮಟ್ಟಿಗೆ ಎರಡು ದೇಶಗಳ ನಡುವಿನ ಅಂತರಕ್ಕಿಂತ ಈ ಎರಡು ವೀಸಾಗಳ ನಡುವಿನ ಅಂತರ ದೊಡ್ಡದು.

ಮೂರನೆಯ ಪ್ರಶ್ನೆಗೆ ಉತ್ತರ ಸರಳ: ಬರೆಯಬೇಡಿ. ಯುಎಇಯಲ್ಲಿ 2022ರಿಂದ ಜಾರಿಯಲ್ಲಿರುವ ಸೈಬರ್ ಕಾನೂನಿನ ಪ್ರಕಾರ ಸುಳ್ಳುಸುದ್ದಿ ಹಂಚಿದರೆ ಕನಿಷ್ಠ ಒಂದು ವರ್ಷ ಜೈಲು, ಒಂದು ಲಕ್ಷ ದಿರ್ಹಮ್ ದಂಡ. ಊರಿನ ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನು ಅಲ್ಲಿ ಕೂತು ಮುಂದೆ ತಳ್ಳುವುದೂ ಹಂಚಿದಂತೆಯೇ. ಸಂಘ ಕಟ್ಟುವಂತಿಲ್ಲ, ಮುಷ್ಕರ ಹೂಡುವಂತಿಲ್ಲ.

ಇಷ್ಟಾದರೂ ಸೌದಿಯಲ್ಲಿ ಬಹಳ ವರ್ಷ ದುಡಿದು ಬಂದವರು ಅಲ್ಲಿಯ ಸರ್ಕಾರವನ್ನು ಬೈಯುವುದು ಕಡಿಮೆ. “ನಮ್ಮ ಪಾಡಿಗೆ ನಾವಿದ್ದೇವ್ರಿ, ಅವರೂ ನಮ್ಮ ತಂಟೆಗೆ ಬರಲಿಲ್ಲ” ಎನ್ನುತ್ತಾರೆ. ಅದು ಸುಳ್ಳಲ್ಲ. ಏನನ್ನೂ ಕೇಳದೆ ಇರುವವನ ತಂಟೆಗೆ ಬಹಳಷ್ಟು ಸರ್ಕಾರಗಳು ಬರುವುದಿಲ್ಲ.

ಸಿಂಗಾಪುರ: ಮನೆ ಕೊಡುವ, ಮಾತು ಅಳೆಯುವ ಸರ್ಕಾರ

ಸಮಾಜವಾದ ಮತ್ತು ಬಂಡವಾಳವಾದ ಎಂದು ಎರಡು ಗೂಡು ಮಾಡಿ ದೇಶಗಳನ್ನು ತುಂಬುವವರಿಗೆ ಸಿಂಗಾಪುರ ತಲೆನೋವು. ವ್ಯಾಪಾರಕ್ಕೆ ಇದಕ್ಕಿಂತ ಮುಕ್ತ ದೇಶ ಸಿಗುವುದು ಕಷ್ಟ. ಆದರೆ ನೆಲದ ಬಹುಪಾಲು ಸರ್ಕಾರದ್ದು, ಸುಮಾರು ಶೇ. 80 ಜನ ಸರ್ಕಾರದ ಮಂಡಳಿ ಕಟ್ಟಿದ ಮನೆಗಳಲ್ಲಿ ಇರುತ್ತಾರೆ. 1959ರಿಂದ ಇಂದಿನವರೆಗೆ ಒಂದೇ ಪಕ್ಷದ ಆಳ್ವಿಕೆ. ಚುನಾವಣೆ ನಡೆಯುತ್ತದೆ, ಮತದಾನ ಕಡ್ಡಾಯ, ಎಣಿಕೆಯಲ್ಲಿ ಮೋಸವಿಲ್ಲ. 2025ರಲ್ಲಿ 97 ಸ್ಥಾನಗಳಲ್ಲಿ 87 ಅದೇ ಪಕ್ಷಕ್ಕೆ. ಲಂಚವಂತೂ ಬಲು ಕಡಿಮೆ.

ಅಂಜಿಕೆಯೂ ಇದೆ. ವಿಚಾರಣೆ ಇಲ್ಲದೆ ಬಂಧನದಲ್ಲಿಡುವ ಕಾನೂನು ಇನ್ನೂ ಇದೆ. ವಿರೋಧ ಪಕ್ಷದ ಸಂಸದರಾಗಿದ್ದ ಚಿಯಾ ತೈ ಪೋ 1966ರಿಂದ 1989ರವರೆಗೆ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದರು, ನಿರ್ಬಂಧಗಳೆಲ್ಲ ಹೋಗಲು 1998 ಬೇಕಾಯಿತು. ಪರವಾನಗಿ ಇಲ್ಲದೆ ಒಬ್ಬನೇ ಫಲಕ ಹಿಡಿದು ನಿಂತರೂ ಅದು ಸಭೆ ಎನಿಸಿಕೊಳ್ಳುತ್ತದೆ. ಭಾಷಣಕ್ಕೆಂದು ಬಿಟ್ಟಿರುವ ಒಂದೇ ಉದ್ಯಾನದಲ್ಲೂ ವಿದೇಶಿಯರು ಪ್ರತಿಭಟನೆಗೆ ಸೇರುವಂತಿಲ್ಲ.

ವರ್ಕ್ ಪರ್ಮಿಟ್ಟಿನ ಮೇಲೆ ಹೋಗುವ ಕೂಲಿಯವರಿಗೆ ಮಾಲೀಕ ವರ್ಷಕ್ಕೆ ಕನಿಷ್ಠ 60,000 ಸಿಂಗಾಪುರ ಡಾಲರ್ ಮೊತ್ತದ ವೈದ್ಯಕೀಯ ವಿಮೆ ಮಾಡಿಸಬೇಕು, ಇದು ದೊಡ್ಡ ಅನುಕೂಲ. ಆದರೆ ಅಲ್ಲಿಯ ಪ್ರಜೆಯನ್ನು ಮದುವೆಯಾಗಬೇಕಾದರೆ ಸರ್ಕಾರದ ಅನುಮತಿ ಕೇಳಬೇಕು. 2020ರ ಕೊರೋನಾದಲ್ಲಿ ಊರೆಲ್ಲ ತೆರೆದ ಮೇಲೂ ಡಾರ್ಮಿಟರಿಯ ಕೂಲಿಗಳನ್ನು ಬಹುಕಾಲ ಒಳಗೇ ಇಟ್ಟರು. ಓದಿದವನಿಗೆ, ತಂತ್ರಜ್ಞನಿಗೆ ಸಿಂಗಾಪುರ ಸುಖದ ಜಾಗ. ನೀವು ಮಾತಾಡದೆ ಇರಲಾರದ ಜಾತಿಯವರಾದರೆ ಮಾತ್ರ ಉಸಿರು ಕಟ್ಟುತ್ತದೆ.

ಜರ್ಮನಿ ಮತ್ತು ಸ್ವೀಡನ್: ಕೊಡುವ ಸರ್ಕಾರ ಎರಡು ಬಗೆ

ಸಮಾಜವಾದ ಬಂದರೆ ಅಂಜಿಕೆ ಬಂದೇ ಬರುತ್ತದೆಯೇ? ಈ ಪ್ರಶ್ನೆಗೆ ಜರ್ಮನಿಯಷ್ಟು ಸ್ಪಷ್ಟ ಉತ್ತರ ಕೊಡುವ ದೇಶ ಇನ್ನೊಂದಿಲ್ಲ, ಏಕೆಂದರೆ ಒಂದೇ ಜನ ನಲವತ್ತು ವರ್ಷ ಎರಡು ಸರ್ಕಾರಗಳ ಕೆಳಗೆ ಬದುಕಿದರು.

ಕಮ್ಯುನಿಸ್ಟರು ಆಳಿದ ಪೂರ್ವ ಜರ್ಮನಿ ಕೆಲಸ ಕೊಟ್ಟಿತು, ಅಗ್ಗದ ಬಾಡಿಗೆಗೆ ಮನೆ ಕೊಟ್ಟಿತು, ದುಡಿಯುವ ತಾಯಂದಿರಿಗೆ ಶಿಶುವಿಹಾರ ಕೊಟ್ಟಿತು. ಜೊತೆಗೆ ಸ್ಟಾಸಿಯನ್ನೂ ಕೊಟ್ಟಿತು. ಸುಮಾರು 1.6 ಕೋಟಿ ಜನಸಂಖ್ಯೆಯ ದೇಶದಲ್ಲಿ 1989ರ ಹೊತ್ತಿಗೆ ಈ ಗುಪ್ತಚರ ಇಲಾಖೆಗೆ 91,000 ಕಾಯಂ ನೌಕರರು, ಅದಕ್ಕಿಂತ ಹೆಚ್ಚು ಸುದ್ದಿ ಮುಟ್ಟಿಸುವವರು. ನೆರೆಯವ, ಸಹೋದ್ಯೋಗಿ, ಕೆಲವು ಮನೆಗಳಲ್ಲಿ ಹೆಂಡತಿ, ಗಂಡ. ಬರ್ಲಿನ್ ಗೋಡೆ ಬಿದ್ದ ಮೇಲೆ, 1990ರ ಜನವರಿ 15ರಂದು ಜನ ಬರ್ಲಿನ್ನಿನ ಸ್ಟಾಸಿ ಕಚೇರಿಗೆ ನುಗ್ಗಿದರು. ಕಡತಗಳನ್ನು ಸಾಲಾಗಿಟ್ಟರೆ 111 ಕಿಲೋಮೀಟರ್, ಹೆಚ್ಚುಕಡಿಮೆ ಕಲಬುರಗಿಯಿಂದ ಬೀದರಿಗೆ ಹೋಗುವಷ್ಟು ದಾರಿ. 1992ರಿಂದ ತನ್ನ ಕಡತವನ್ನು ತಾನೇ ಓದುವ ಹಕ್ಕು ಪ್ರಜೆಗೆ ಸಿಕ್ಕಿತು.

ಪಶ್ಚಿಮ ಜರ್ಮನಿಯೂ ಕೊಡುವುದರಲ್ಲಿ ಹಿಂದೆ ಬೀಳಲಿಲ್ಲ. ಅಲ್ಲಿಯ ಆರೋಗ್ಯ ವಿಮೆಯ ಬೇರು 1883ರದು. ಅದನ್ನು ತಂದವನು ಬಿಸ್ಮಾರ್ಕ್, ಸಮಾಜವಾದಿ ಸಂಘಟನೆಗಳನ್ನು 1878ರಲ್ಲಿ ಕಾನೂನು ಮಾಡಿ ನಿಷೇಧಿಸಿದ ಅದೇ ಮನುಷ್ಯ. ಕೂಲಿಕಾರರು ಸಮಾಜವಾದಿಗಳ ಹಿಂದೆ ಹೋಗದಿರಲೆಂದು ಅವರು ಕೇಳುತ್ತಿದ್ದುದರಲ್ಲಿ ಒಂದಿಷ್ಟನ್ನು ತಾನೇ ಕೊಟ್ಟ. 1976ರ ಕಾನೂನಿನ ಪ್ರಕಾರ 2,000ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಕುರ್ಚಿ ಕೆಲಸಗಾರರ ಪ್ರತಿನಿಧಿಗಳದ್ದು. 1983ರಲ್ಲಿ ಸರ್ಕಾರ ಜನಗಣತಿಗೆ ಹೊರಟಾಗ ಜನ ಇಷ್ಟೊಂದು ವಿವರ ನಿಮಗೇಕೆ ಎಂದು ತಕರಾರು ತೆಗೆದರು. ಸಂವಿಧಾನ ನ್ಯಾಯಾಲಯ ಜನರ ಕಡೆ ನಿಂತು, ತನ್ನ ಮಾಹಿತಿಯ ಮೇಲೆ ಪ್ರಜೆಗೇ ಹಕ್ಕು ಎಂದಿತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ. ಪೂರ್ವಕ್ಕೂ ಪಶ್ಚಿಮಕ್ಕೂ ಇದ್ದ ಮುಖ್ಯ ಅಂತರ ಕೋರ್ಟು, ಪತ್ರಿಕೆ, ನಿಜವಾದ ಚುನಾವಣೆ. ಕೊಡುವ ಕೈ ಎರಡೂ ಕಡೆ ಇತ್ತು.

ಹೋಗುವವರಿಗೆ: ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಆದರೆ ಬಾಡೆನ್–ವ್ಯುರ್ಟೆಂಬರ್ಗ್ ರಾಜ್ಯ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕುತ್ತದೆ. ವಿದ್ಯಾರ್ಥಿ ವೀಸಾಕ್ಕೆ ವರ್ಷದ ಖರ್ಚನ್ನು ಮೊದಲೇ ಬ್ಲಾಕ್ ಖಾತೆಯಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ಇಡಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೋ ಆಯಿತು. ಮನೆ ಬದಲಿಸಿದರೆ ಎರಡು ವಾರದೊಳಗೆ ಸರ್ಕಾರಕ್ಕೆ ವಿಳಾಸ ಬರೆಸಬೇಕು. ಹನ್ನೆರಡು ತಿಂಗಳು ವಂತಿಗೆ ಕಟ್ಟಿ ದುಡಿದ ಮೇಲೆ ಕೆಲಸ ಹೋದರೆ ಕೈಗೆ ಬರುತ್ತಿದ್ದ ಪಗಾರದ ಶೇ. 60ರಷ್ಟು, ಮಕ್ಕಳಿದ್ದರೆ ಶೇ. 67ರಷ್ಟು ಭತ್ಯೆ. ನರ್ಸಿಂಗ್ ಓದಿದವರಿಗೆ ಅಲ್ಲಿ ಬಹಳ ಬೇಡಿಕೆ, ಆದರೆ ಜರ್ಮನ್ ಭಾಷೆ ಕಲಿಯದೆ, ಪದವಿಗೆ ಅಲ್ಲಿಯ ಮಾನ್ಯತೆ ಪಡೆಯದೆ ಸರಿಯಾದ ಹುದ್ದೆ ಸಿಗುವುದಿಲ್ಲ.

ಸ್ವೀಡನ್ನಿಗೆ ಬರೋಣ. ಫುಕಟ್ ಎಂಬುದು ಬಾಯಿಮಾತು. ದೇಶದ ಒಟ್ಟು ಉತ್ಪನ್ನದ ಶೇ. 40ಕ್ಕೂ ಹೆಚ್ಚು ತೆರಿಗೆಯಾಗಿ ಸರ್ಕಾರಕ್ಕೆ ಹೋಗುತ್ತದೆ. ಮಗು ಹುಟ್ಟಿದರೆ ತಂದೆತಾಯಿಗೆ ಸೇರಿ 480 ದಿನ ಸಂಬಳದ ರಜೆ, ಅದರಲ್ಲಿ 90 ದಿನ ತಂದೆಯೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಹೋಯಿತು. ಇದನ್ನೆಲ್ಲ ಸಮಾಜವಾದ ಎನ್ನಬಹುದೇ? ಕಾರ್ಖಾನೆಗಳು ಖಾಸಗಿ, ಶೇರುಪೇಟೆ ಜೋರು. ಕಾನೂನಿನಲ್ಲಿ ಕನಿಷ್ಠ ವೇತನವೂ ಇಲ್ಲ, ಅದನ್ನು ಕಾರ್ಮಿಕ ಸಂಘ ಮತ್ತು ಮಾಲೀಕರು ಕೂತು ಮಾತಾಡಿ ತೀರ್ಮಾನಿಸುತ್ತಾರೆ. ಪಕ್ಕದ ಡೆನ್ಮಾರ್ಕಿನ ಪ್ರಧಾನಿಯಾಗಿದ್ದ ರಾಸ್ಮುಸೆನ್ 2015ರಲ್ಲಿ ಅಮೆರಿಕಾದಲ್ಲೇ ನಿಂತು, ನಮ್ಮದು ಸಮಾಜವಾದಿ ದೇಶವಲ್ಲ, ಮಾರುಕಟ್ಟೆಯ ಆರ್ಥಿಕತೆ ಎಂದು ಹೇಳಿದ್ದರು.

ಇಷ್ಟು ದೊಡ್ಡ ಸರ್ಕಾರಕ್ಕೆ ಸ್ವೀಡನ್ನಿನವರು ಅಷ್ಟಾಗಿ ಅಂಜದಿರಲು ನನಗೆ ಕಾಣುವ ಕಾರಣ ಹಳೆಯದು. 1766ರಲ್ಲೇ ಅವರು ಪತ್ರಿಕಾ ಸ್ವಾತಂತ್ರ್ಯದ ಕಾನೂನು ಮಾಡಿ ಸರ್ಕಾರಿ ಕಡತಗಳನ್ನು ಪ್ರಜೆಗೆ ತೆರೆದಿಟ್ಟರು, ನಮ್ಮ ಮಾಹಿತಿ ಹಕ್ಕಿಗಿಂತ 239 ವರ್ಷ ಮೊದಲು. ಅಧಿಕಾರಿಗಳ ಮೇಲಿನ ದೂರು ಕೇಳಲು ಒಂಬುಡ್ಸ್‌ಮನ್ ಎಂಬ ಹುದ್ದೆ ಹುಟ್ಟಿದ್ದು 1809ರಲ್ಲಿ, ಅಲ್ಲೇ. ಸರ್ಕಾರಕ್ಕೆ ಪ್ರಜೆಯ ಬಗ್ಗೆ ಎಲ್ಲ ತಿಳಿದಿದೆ, ಪ್ರಜೆಯೂ ಸರ್ಕಾರದ ಬಗ್ಗೆ ಬಹುತೇಕ ತಿಳಿಯಬಹುದು.

ಆದರೂ ಆಗಲೇ ಹೇಳಿದ ಓಣಿಯ ಪ್ರಶ್ನೆ ಇಲ್ಲಿಯೂ ಕೇಳಬೇಕು. 1930ರ ದಶಕದಿಂದ 1970ರ ದಶಕದವರೆಗೆ ಇದೇ ಸ್ವೀಡನ್ ಸುಮಾರು 63,000 ಜನರಿಗೆ, ಹೆಚ್ಚಾಗಿ ಹೆಂಗಸರಿಗೆ, ಸಂತಾನಹರಣ ಚಿಕಿತ್ಸೆ ಮಾಡಿತು, ಅನೇಕರಿಗೆ ಅವರ ಇಷ್ಟಕ್ಕೆ ವಿರುದ್ಧವಾಗಿ. ಚುನಾವಣೆ, ಪತ್ರಿಕೆ, ಒಂಬುಡ್ಸ್‌ಮನ್ ಎಲ್ಲ ಇದ್ದಾಗಲೇ. ಬಡವರು, ಬುದ್ಧಿ ಮಂದವೆಂದು ಗುರುತಿಸಲ್ಪಟ್ಟವರು ಆ ಬಾಗಿಲುಗಳನ್ನು ತಟ್ಟುವ ಸ್ಥಿತಿಯಲ್ಲಿರಲಿಲ್ಲ. ಇಂದು ಅಲ್ಲಿಗೆ ಹೋದ ವಲಸಿಗರ ಅಂಜಿಕೆ ಮಕ್ಕಳ ರಕ್ಷಣೆಯ ಇಲಾಖೆಯದು. ಮಗುವಿಗೆ ಒಂದೇಟು ಹಾಕುವುದನ್ನೂ ಜಗತ್ತಿನಲ್ಲಿ ಮೊದಲು ನಿಷೇಧಿಸಿದ ದೇಶ ಸ್ವೀಡನ್, 1979ರಲ್ಲಿ. ನಾರ್ವೆಯಲ್ಲಿ 2011ರಲ್ಲಿ ಭಾರತದ ಒಂದು ಕುಟುಂಬದ ಇಬ್ಬರು ಮಕ್ಕಳನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಾಗ ದೆಹಲಿಯವರೆಗೆ ಗದ್ದಲವಾಯಿತು. ‘ಹೊಡೀದೆ ಮಕ್ಕಳು ಬೆಳೀತಾವೇನು’ ಎನ್ನುವ ಮನೆಯವರು ಹೋಗುವ ಮುಂಚೆ ಇದನ್ನು ಕೂತು ಮಾತಾಡಿಕೊಳ್ಳಿ. ನಾನಂತೂ ಆ ಕಾನೂನಿನ ಪರ.

ಅಮೆರಿಕಾ: ಸರ್ಕಾರಕ್ಕೆ ಅಂಜುವುದೇ ಧರ್ಮ

ಸರ್ಕಾರವನ್ನು ನಂಬಬಾರದು ಎಂಬುದನ್ನೇ ಬುನಾದಿಯಾಗಿಟ್ಟು ಕಟ್ಟಿದ ದೇಶ ಇದು. 1791ರ ಹಕ್ಕುಗಳ ಪಟ್ಟಿಯಲ್ಲಿ ಮಾತಿನ ಸ್ವಾತಂತ್ರ್ಯವೂ ಇದೆ, ಬಂದೂಕಿನ ಹಕ್ಕೂ ಇದೆ. 1964ರಲ್ಲಿ ನೂರಕ್ಕೆ 77 ಜನ ಕೇಂದ್ರ ಸರ್ಕಾರವನ್ನು ನಂಬುತ್ತೇವೆ ಎಂದಿದ್ದರು. ವಿಯೆಟ್ನಾಂ ಯುದ್ಧ, ವಾಟರ್‌ಗೇಟ್ ಹಗರಣ ಆದಮೇಲೆ ಕುಸಿದ ಆ ನಂಬಿಕೆ ಈಚಿನ ವರ್ಷಗಳಲ್ಲಿ ಐದರಲ್ಲಿ ಒಬ್ಬರ ಆಸುಪಾಸಿಗೆ ಬಂದು ನಿಂತಿದೆ.

ಸಮಾಜವಾದ ಎಂಬ ಹೆಸರು ಕೇಳಿದರೇ ಅಲ್ಲಿ ಎಷ್ಟೋ ಜನ ಬೆಚ್ಚುತ್ತಾರೆ. ಮಯಾಮಿಯಲ್ಲಿ ನೆಲೆಸಿದ ಕ್ಯೂಬಾದವರಿಗೆ ಅದು ಬಿಟ್ಟುಬಂದ ಮನೆಯ ನೆನಪು, ಅವರ ಅಂಜಿಕೆಯನ್ನು ಹಗುರಾಗಿ ಕಾಣಲಾರೆ. ಆದರೆ ಅದೇ ದೇಶದ ಮುದುಕರು 1935ರ ಸೋಷಿಯಲ್ ಸೆಕ್ಯೂರಿಟಿ ಪಿಂಚಣಿ, 1965ರ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಮುಟ್ಟಿದರೆ ಯಾವ ಪಕ್ಷವನ್ನೂ ಉಳಿಸುವುದಿಲ್ಲ. ಒಂದು ಕಾಲಕ್ಕೆ ಸಮಾಜವಾದಕ್ಕೂ ಅಲ್ಲಿ ಓಟಿತ್ತು: ಯುದ್ಧದ ವಿರುದ್ಧ ಭಾಷಣ ಮಾಡಿ ಜೈಲು ಸೇರಿದ ಯೂಜೀನ್ ಡೆಬ್ಸ್ 1920ರಲ್ಲಿ ಜೈಲಿನಿಂದಲೇ ಅಧ್ಯಕ್ಷ ಸ್ಥಾನಕ್ಕೆ ನಿಂತು 9 ಲಕ್ಷಕ್ಕೂ ಹೆಚ್ಚು ಮತ ಪಡೆದರು.

ನಿಮ್ಮ ಲೆಕ್ಕ ಹೀಗೆ. ಎಚ್–1ಬಿ ಎಂಬ ಕೆಲಸದ ವೀಸಾದ ಮೇಲೆ ಇದ್ದಾಗ ಕೆಲಸ ಹೋದರೆ ಹೊಸದು ಹುಡುಕಲು ಸಾಮಾನ್ಯವಾಗಿ ಇರುವುದು 60 ದಿನ. ದೇಶವೊಂದಕ್ಕೆ ಶೇ. 7ರ ಮಿತಿ ಇರುವುದರಿಂದ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡಿಗೆ ಭಾರತೀಯರ ಸರದಿ ದಶಕಗಳಷ್ಟು ಉದ್ದ. ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಕಟ್ಟಿಕೊಂಡಿರುತ್ತದೆ, ಕೆಲಸ ಹೋದಾಗ ಜಡ್ಡಾಗದಿರಲೆಂದು ಶರಣಬಸವೇಶ್ವರನಿಗೆ ಹರಕೆ ಹೊರಬೇಕು. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕಾಗಿದೆ. ಅದೇ ವರ್ಷ ಪ್ಯಾಲೆಸ್ಟೀನ್ ಪರ ನಿಂತ ಕೆಲವು ವಿದೇಶಿ ವಿದ್ಯಾರ್ಥಿಗಳ ವೀಸಾ ರದ್ದಾದವು, ಕೆಲವರನ್ನು ಹಿಡಿದು ಒಳಗಿಟ್ಟರು. ನ್ಯಾಯಾಧೀಶರು ಅವರಲ್ಲಿ ಕೆಲವರನ್ನು ಬಿಡಿಸಿದರು. ಹಿಡಿದದ್ದೂ ಬಿಡಿಸಿದ್ದೂ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೊಲ್ಲಿಯಲ್ಲಿ ಎರಡನೆಯದನ್ನು ನಿರೀಕ್ಷಿಸಲಾಗದು, ಆದರೆ ಬಿಡುಗಡೆಯಾಗುವವರೆಗೆ ವಕೀಲರ ಖರ್ಚು ಯಾರು ಕೊಡುತ್ತಾರೆಂದು ಕಲಬುರಗಿಯ ಅಪ್ಪ ಕೇಳುವುದೂ ನ್ಯಾಯವೇ.

ರಷ್ಯಾ, ಚೀನಾ: ಡಾಕ್ಟರಿಕೆ ಓದಲು ಹೋಗುವವರಿಗೆ

ಇಲ್ಲಿ ಹೆಚ್ಚು ಬರೆಯಲು ಮನಸ್ಸಿಲ್ಲ, ಏಕೆಂದರೆ ನನ್ನ ಸಲಹೆ ಚಿಕ್ಕದು: ನಮ್ಮಲ್ಲಿ ಸೀಟು ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಹೋಗುವುದಾದರೆ ಎರಡು ಸಲ ಯೋಚಿಸಿ. ರಷ್ಯಾ 1991ರಲ್ಲೇ ಸಮಾಜವಾದ ಬಿಟ್ಟಿತು, ಅಂಜಿಕೆ ಬಿಡಲಿಲ್ಲ. ಸೈನ್ಯದ ಬಗ್ಗೆ ‘ಸುಳ್ಳು ಮಾಹಿತಿ’ ಹಬ್ಬಿಸಿದರೆ 15 ವರ್ಷದವರೆಗೆ ಜೈಲು ಎಂಬ ಕಾನೂನು 2022ರ ಮಾರ್ಚ್‌ನಲ್ಲಿ ಬಂತು. ನಮ್ಮ ಕಲಬುರಗಿ ಜಿಲ್ಲೆಯ ಯುವಕರೇ ಸೆಕ್ಯುರಿಟಿ ಕೆಲಸವೆಂದು ನಂಬಿ ಹೋಗಿ ಉಕ್ರೇನ್ ಯುದ್ಧದ ಮುಂಚೂಣಿಗೆ ತಳ್ಳಿಸಿಕೊಂಡದ್ದು 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅವರು ಮನೆ ಸೇರಿದರು.

ಚೀನಾ ಹೆಸರಿಗೆ ಕಮ್ಯುನಿಸ್ಟ್. ಆದರೆ ಹಳ್ಳಿಯಿಂದ ಪಟ್ಟಣಕ್ಕೆ ಬಂದ ತನ್ನದೇ ಕೂಲಿಕಾರನಿಗೆ ಹುಕೌ ಎಂಬ ನೋಂದಣಿಯ ಕಾರಣದಿಂದ ಪಟ್ಟಣದವನ ಸೌಲಭ್ಯ ಪೂರ್ತಿ ಸಿಗುವುದಿಲ್ಲ. ಯಾದಗಿರಿಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದವನು ತನ್ನ ರೇಶನ್ ಕಾರ್ಡ್ ಮೇಲೆ ಅಲ್ಲೇ ಅಕ್ಕಿ ತರಬಹುದು. ಈ ಒಂದು ವಿಷಯದಲ್ಲಿ ನಾವೇ ಮುಂದೆ. ಹಾರ್ವರ್ಡಿನ ಸಂಶೋಧಕರು 2016ರಲ್ಲಿ ಕೇಳಿದಾಗ ಚೀನಾದ ನೂರಕ್ಕೆ 95 ಜನ ಕೇಂದ್ರ ಸರ್ಕಾರದ ಬಗ್ಗೆ ತೃಪ್ತಿ ಇದೆ ಎಂದರು. ಕಣ್ಣೆದುರೇ ಬಡತನ ಕರಗಿದ್ದನ್ನು ಕಂಡವರ ಮಾತು ಅದು, ಪೂರ್ತಿ ತಳ್ಳಿಹಾಕಲಾರೆ. ಅತೃಪ್ತಿ ಇದ್ದರೆ ಹೇಳುತ್ತಿದ್ದರೇ ಎಂಬ ಅನುಮಾನವನ್ನೂ ಬಿಡಲಾರೆ. ವಾಟ್ಸಾಪ್ ಅಲ್ಲಿ ಬಂದ್, ಅವ್ವನ ಜೊತೆ ಮಾತಾಡಲು ಬೇರೆ ದಾರಿ ಹುಡುಕಬೇಕು.

ಹಾಗಾದರೆ ಯಾರಿಗೆ ಯಾವುದು?

ಐದಾರು ವರ್ಷ ದುಡಿದು ಸಾಲ ತೀರಿಸಿ ಮನೆ ಕಟ್ಟಿಸಿ ಬರಬೇಕು, ಅಲ್ಲಿಯ ರಾಜಕೀಯ ನನಗೆ ಬೇಡ ಎನ್ನುವವರಿಗೆ ಕೊಲ್ಲಿಯೇ ಸರಿ, ಕಂಪನಿ ವೀಸಾ ಇದ್ದರೆ. ಇದ್ದುದರಲ್ಲಿ ಯುಎಇ, ಕತಾರ್ ಮೇಲು. ಮನೆಯ ಡ್ರೈವರ್ ಕೆಲಸಕ್ಕಾದರೆ ಕಫೀಲ ಯಾರು, ಮೊದಲು ಅವನ ಬಳಿ ಯಾರಿದ್ದರು ಎಂದು ವಿಚಾರಿಸದೆ ಹೋಗಬೇಡಿ. ಹೆಂಡತಿ ಮಕ್ಕಳೊಂದಿಗೆ ನೆಲೆಸುವ ಆಸೆ, ಭಾಷೆ ಕಲಿಯುವ ತಾಳ್ಮೆ ಇದ್ದವರಿಗೆ ನಾನು ಹೇಳುವುದು ಜರ್ಮನಿ. ಅಮೆರಿಕಾದಲ್ಲಿ ಗಳಿಕೆ ಎಲ್ಲಕ್ಕಿಂತ ಹೆಚ್ಚು, ನೆಮ್ಮದಿ ವೀಸಾದ ಗಡುವಿಗೆ ಅಂಟಿಕೊಂಡಿರುತ್ತದೆ. ವಯಸ್ಸು ಚಿಕ್ಕದಿದ್ದು, ಹೊಣೆ ಕಡಿಮೆ ಇದ್ದವರು ಹೋಗಬಹುದು. ಸ್ವೀಡನ್ ಚೆನ್ನ, ಆದರೆ ಚಳಿ, ಕತ್ತಲು, ಒಂಟಿತನ ಮೂರನ್ನೂ ಕಲಬುರಗಿಯ ಬಿಸಿಲಿನಲ್ಲಿ ಬೆಳೆದವರು ತಡೆಯುತ್ತಾರೋ ನೋಡಿಕೊಳ್ಳಬೇಕು.

ಕೊಲ್ಲಿಗೆ ಹೊರಟವರು ಏಜೆಂಟನಿಗೆ ರೊಕ್ಕ ಕೊಡುವ ಮುಂಚೆ ಅವನ ನೋಂದಣಿ ಸಂಖ್ಯೆಯನ್ನು ಸರ್ಕಾರದ ಇ–ಮೈಗ್ರೇಟ್ ಜಾಲತಾಣದಲ್ಲಿ ಹಾಕಿ ನೋಡಿ. ಅವನು ಸೇವಾ ಶುಲ್ಕವೆಂದು ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ ಮಾತ್ರ, ಅದಕ್ಕೆ ರಸೀದಿ ಕೇಳಿ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದಿರುತ್ತದೆ. ಅಂಥವರು ಈ ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಇಲಾಖೆಯ ಅನುಮತಿ ಬೇಕು, ಜೊತೆಗೆ ಪ್ರವಾಸಿ ಭಾರತೀಯ ವಿಮೆಯೂ ಕಡ್ಡಾಯ. ವಿಸಿಟ್ ವೀಸಾದ ಮೇಲೆ ಹೋಗಿ ಅಲ್ಲಿ ಕೆಲಸಕ್ಕೆ ಬದಲಿಸೋಣ ಎಂದು ಏಜೆಂಟ ಹೇಳಿದರೆ ಅವನ ಬಾಗಿಲಿನಿಂದಲೇ ವಾಪಸ್ ಬನ್ನಿ. ಕರಾರು ಪತ್ರದ ಒಂದು ನಕಲನ್ನು ಮನೆಯಲ್ಲಿಟ್ಟು ಹೋಗಿ. ಅಲ್ಲಿ ತೊಂದರೆಯಾದರೆ ‘ಮದದ್’ ಜಾಲತಾಣದಲ್ಲಿ ಮನೆಯವರೇ ಇಲ್ಲಿಂದ ದೂರು ಹಾಕಬಹುದು, ಆಗ ಮೊದಲು ಕೈಗೆ ಬೇಕಾಗುವುದು ಅದೇ ಕಾಗದ.